ಗಿರಿಜಕ್ಕನ ವೃತ್ತ

ಹೋದ ತಿಂಗಳು ಆಲೂರಿನಲ್ಲಿ ಯಾವುದೋ ಕಾಗದದ ಪ್ರತಿ ತೆಗೆಸಲು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ನನಗಿಂತ ಮೊದಲು ಬಂದವರೊಬ್ಬರು ಲ್ಯಾಮಿನೇಷನ್ ಹಾಕಿಸುತ್ತಿದ್ದರು. ಮಿಷನ್ನಿನಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಹೊರಬಿದ್ದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪ್ರತಿ ತೆಗೆಸದೆ ಹೊರಟುಬಂದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ನಾನು ಹತ್ತಬೇಕಿದ್ದ ಕುಂದೂರಿನ ಬಸ್ಸು ಬಂತು, ಹೋಯಿತು. ಇನ್ನೊಂದೂ ಬಂತು, ಹೋಯಿತು. ನಾಲ್ಕು ವರ್ಷದ ಹಿಂದಿನ ಆ ಬೇಸಿಗೆ, ಕಾಫಿ ಹೂವರಳಿಸುವ ಹೂಮಳೆಯಿಂದ ಮುಂಗಾರು ಹಿಡಿಯುವವರೆಗಿನ ಆ ಮೂರು ತಿಂಗಳು, ಪಕ್ಕದಲ್ಲಿ ಬಂದು ಕೂತುಬಿಟ್ಟಿತ್ತು.

ನಾನು ಜಮೀನು ಅಳೆಯುವವನು. ಅಳೆಯುವವನು ಅನ್ನುವುದಕ್ಕಿಂತ, ಅಳೆಯುವವರ ಜೊತೆ ಚೈನು ಎಳೆಯುತ್ತಿದ್ದವನು. ಅಪ್ಪ ತೀರಿಕೊಂಡಾಗ ಏಳನೇ ಕ್ಲಾಸಿನಲ್ಲಿದ್ದೆ. ಪರೀಕ್ಷೆಗೆ ಕೂರದೆ, ಊರಿಗೆ ಬರುತ್ತಿದ್ದ ಖಾಸಗಿ ಸರ್ವೆಯರೊಬ್ಬರ ಹಿಂದೆ ಹೊರಟೆ. ಇಪ್ಪತ್ತಾರು ವರ್ಷ ಅವರ ಚೈನಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಜಿಗಣೆ ಕಚ್ಚಿಸಿಕೊಂಡು, ಮುಳ್ಳು ತರಿದುಕೊಂಡು, ಈ ಗುಡ್ಡಗಳಲ್ಲಿ ನಾನು ಕಾಲಿಡದ ಗಡಿಯಿಲ್ಲ. ಡಿಗ್ರಿ ಮಾಡಿದವರು ನಕ್ಷೆ ಉಲ್ಟಾ ಹಿಡಿದು ನಿಂತದ್ದನ್ನು ನೋಡಿದ್ದೇನೆ, ಸರಿಯಾಗಿ ತಿರುಗಿಸಿಕೊಟ್ಟಿದ್ದೇನೆ. ಆದರೂ "ನಿಂಗೇನಯ್ಯಾ ಗೊತ್ತು, ಚೈನು ಹಿಡ್ಕೊಂಡು ಸುಮ್ನೆ ನಿಂತ್ಕೋ" ಅನ್ನಿಸಿಕೊಳ್ಳದ ವಾರವಿರಲಿಲ್ಲ. ಅದು ಒಳಗೆ ಕೂತಿತ್ತು.

ಹಾಗೆ ಅನ್ನದೆ ಇದ್ದವಳು ಗಿರಿಜಕ್ಕ. ನನಗಿಂತ ಎರಡು ವರ್ಷ ದೊಡ್ಡವಳು, ಅವಳು ಓದು ಮುಂದುವರಿಸಿದಳು. ಸಂಜೆ ನಾನು ಕೆಲಸದಿಂದ ಬಂದು ಕಾಲಿನ ಮುಳ್ಳು ತೆಗೆಯುತ್ತ ಕೂತರೆ ಪಕ್ಕದಲ್ಲಿ ತನ್ನ ಜಾಮಿಟ್ರಿ ಬಾಕ್ಸು ತೆರೆಯುವಳು. "ಕೈವಾರದ ಮುಳ್ಳು ಅಲ್ಲಾಡ್ಬಾರ್ದು ಕಣೋ ಮಾದೇವ. ಅಲ್ಲಾಡಿದ್ರೆ ವೃತ್ತ ಶುರುವಾದ ಕಡೆ ಬಂದು ಮುಚ್ಚಲ್ಲ" ಎಂದು ನನ್ನ ಕೈಹಿಡಿದು ತಿರುಗಿಸುವಳು. ಕೋನ, ಚೌಕ, ವೃತ್ತ ಎಲ್ಲ ನನಗೆ ಬಂದದ್ದು ಅವಳಿಂದ, ಸ್ಕೂಲಿನಿಂದಲ್ಲ.

ಅವಳನ್ನು ಹೆಗ್ಗದ್ದೆಯ ಚನ್ನಬಸಪ್ಪನವರಿಗೆ ಕೊಟ್ಟಿತ್ತು. ಘಾಟಿನ ಅಂಚಿನಲ್ಲಿ ಹನ್ನೆರಡು ಎಕರೆ ಕಾಫಿ, ಮೆತ್ತನೆ ಮಾತಿನ ಭಾವ, ಮಕ್ಕಳಿಲ್ಲ. ನಾನು ಹೇಳುತ್ತಿರುವ ಬೇಸಿಗೆಗೆ ಎರಡು ವರ್ಷ ಮೊದಲು, ಒಂದು ಆಷಾಢದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಅಕ್ಕ ಹೊರಟುಹೋದಳು. ನಮ್ಮಲ್ಲಿ ಸುಡುವುದಿಲ್ಲ, ಸ್ವಂತ ನೆಲದಲ್ಲಿ ಕೂರಿಸಿ ಮಣ್ಣು ಕೊಡುತ್ತೇವೆ. ಮೇಲಿನ ತೋಟದ ಮಟ್ಟಸ ಜಾಗದಲ್ಲಿ ಕೂರಿಸಿದೆವು. ವಿಭೂತಿ ಗಟ್ಟಿಗಳನ್ನು, ಬಿಲ್ವಪತ್ರೆಯನ್ನು ನಾನೇ ಗುಂಡಿಯೊಳಗೆ ಇಳಿದು ಜೋಡಿಸಿದೆ. ಮೇಲೆ ಬಂದ ಮೇಲೆ ಎಲ್ಲರೂ ಅಳುತ್ತಿದ್ದರು, ನನಗೆ ಅಳು ಬರಲಿಲ್ಲ. ಕೈಕಾಲು ಸುಮ್ಮನಿರಲಾರದೆ ಟೇಪು ತೆಗೆದು ಗೇಟಿನ ಕಂಬದಿಂದ ಅಳತೆ ಹಿಡಿದುಕೊಂಡು ಹೋದೆ. ದಿಕ್ಕು ಇಷ್ಟು, ದೂರ ಇಷ್ಟು ಎಂದು ಜೇಬಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ. ಮಳೆಗೆ ಹಾಳೆ ಒದ್ದೆಯಾಗಿತ್ತು. ಆಮೇಲೆ ಎರಡು ವರ್ಷ ಆ ಜಾಗಕ್ಕೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಮರುವರ್ಷ ಭಾವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋಯಿತು. ಅವರೂ ಮೇಲಿನ ತೋಟ ಹತ್ತಲಾಗಲಿಲ್ಲ. ಗದ್ದುಗೆ ಕಟ್ಟಿಸುವುದು ಇಂದು ನಾಳೆ ಎಂದು ಉಳಿದು, ಗುರುತಿಗೆ ಹಾಸಿದ್ದ ಚಪ್ಪಡಿಯೊಂದೇ ಅಲ್ಲಿತ್ತು. ಮಲೆನಾಡಿನ ಎರಡು ಮಳೆಗಾಲ ಅಂದರೆ ಚಪ್ಪಡಿಯೇನು, ದಾರಿಯನ್ನೇ ಜರಿಗಿಡ ನುಂಗಿರುತ್ತದೆ.

ಅಷ್ಟರಲ್ಲಿ ನಮ್ಮ ಕಸುಬೂ ಬದಲಾಗಿತ್ತು. ಸರ್ವೆಯರಿಗೆ ವಯಸ್ಸಾಗಿ ಮನೆ ಸೇರಿದ್ದರು. ಎಸ್ಟೇಟಿನವರೆಲ್ಲ ಡ್ರೋನ್ ಹಾರಿಸಿ ತೆಗೆಸಿದ ಫೋಟೋದ ಮೇಲೆ ಗೆರೆ ಹಾಕಿಕೊಡಿ ಅನ್ನತೊಡಗಿದರು. ನಾನು ಸಕಲೇಶಪುರದ ಶಬಾನಾಳ ಅಂಗಡಿಗೆ ಹೋದೆ. ಅವಳ ಅಪ್ಪನದು ಕಾಫಿ ಸಾಗಿಸುವ ಲಾರಿಗಳು, ಅವಳು ಓದು ಮುಗಿಸಿ ಊರಲ್ಲೇ ಪ್ಲಾನು, ಪ್ರಿಂಟಿನ ಅಂಗಡಿ ಇಟ್ಟಿದ್ದಳು. "ಬರೆಸ್ಕೊಂಡು ಹೋಗೋಕೆ ಬಂದಿಲ್ಲ ಕಣಮ್ಮ, ಕಲಿಯೋಕೆ ಬಂದಿದೀನಿ" ಅಂದೆ. ನನ್ನ ಕೈ ನೋಡಿದಳು. ಕೀಬೋರ್ಡಿನ ಒಂದು ಕೀಲಿಗೆ ಹೋದರೆ ಎರಡು ಒತ್ತುವ ಬೆರಳು ನನ್ನವು.

"ಮೌಸ್ ಎಳೆದು ಗೆರೆ ಹಾಕೋದು ನಿಮ್ ಕೈಗೆ ಆಗಲ್ಲ ಅಣ್ಣ. ಆಜ್ಞೆ ಬರೆದು ಹಾಕ್ಸೋದು ಹೇಳ್ಕೊಡ್ತೀನಿ. ಚಿತ್ರಗಳ ಕೆಲಸಕ್ಕೆ ಅಂತಾನೇ ಒಂದು ಲೈಬ್ರರಿ ಐತೆ."

"ಲೈಬ್ರರಿಗೆ ನಾನು ಹೋದೋನೇ ಅಲ್ಲ."

"ಇದು ಪುಸ್ತಕದ್ದಲ್ಲ ಮಾರಾಯ್ರೇ. ಬೇರೆಯೋರು ಮೊದ್ಲೇ ಬರೆದಿಟ್ಟಿರೋ ಆಜ್ಞೆಗಳ ಪೆಟ್ಟಿಗೆ. ಗೆರೆ ಅಂದ್ರೆ ಗೆರೆ ಹಾಕುತ್ತೆ, ವೃತ್ತ ಅಂದ್ರೆ ವೃತ್ತ."

ಎರಡು ತಿಂಗಳು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಲಿತೆ. ಇಂಗ್ಲಿಷಿನ ಇಪ್ಪತ್ತು ಮೂವತ್ತು ಪದ ಸಾಕಾಗುತ್ತಿತ್ತು. ಕೇಂದ್ರ ಎಲ್ಲಿ, ಅಂತರ ಎಷ್ಟು ಎಂದು ಹೇಳಿದರೆ ಪರದೆಯ ಮೇಲೆ ವೃತ್ತ ಮೂಡುತ್ತಿತ್ತು, ಮುಳ್ಳು ಅಲ್ಲಾಡುವ ಭಯವಿಲ್ಲ. ನನಗೆ ತಲೆಗೆ ಹೋಗದೆ ಇದ್ದದ್ದು ಗ್ರೂಪು. ಶಬಾನಾ ಚಹಾ ಬಂದ ಟ್ರೇಯನ್ನು ಎದುರಿಗಿಟ್ಟಳು. ಲೋಟ, ಚಮಚ, ಸಕ್ಕರೆ ಡಬ್ಬಿ.

"ನೋಡಿ, ಒಂದೊಂದನ್ನೇ ತಿರುಗಿಸಿದ್ರೆ ಒಂದೊಂದು ತನ್ನಷ್ಟಕ್ಕೆ ತಾನು ತಿರುಗುತ್ತೆ, ಜಾಗ ಬಿಡಲ್ಲ. ಟ್ರೇ ತಿರುಗಿಸಿದ್ರೆ?" ತಿರುಗಿಸಿದಳು. "ಎಲ್ಲ ಒಟ್ಟಿಗೆ. ಲೋಟಕ್ಕೂ ಚಮಚಕ್ಕೂ ನಡುವಿನ ದೂರ ಹಂಗೇ ಐತೆ. ಅದೇ ಗ್ರೂಪು. ಗೆರೆ, ಚೌಕ, ವೃತ್ತ ಎಲ್ಲದಕ್ಕೂ ಒಂದು ಹೆಸರಿಟ್ಟು ಗುಂಪಿಗೆ ಸೇರಿಸ್ಬೇಕು. ಆಮೇಲೆ ಸರಿಸು, ತಿರುಗಿಸು, ಹಿಗ್ಗಿಸು, ಏನಂದ್ರೂ ಗುಂಪೆಲ್ಲ ಮಾತು ಕೇಳುತ್ತೆ."

ನನ್ನಂಥವನಿಗೆ ಇದು ದೊಡ್ಡ ವರವೇ ಆಯಿತು. ನಮ್ಮ ಹಳೇ ನಕ್ಷೆಗಳ ಉತ್ತರ ದಿಕ್ಕಿಗೂ ಫೋಟೋದ ಉತ್ತರ ದಿಕ್ಕಿಗೂ ಹೊಂದುತ್ತಲೇ ಇರಲಿಲ್ಲ. ಹಳೇ ನಕ್ಷೆಯನ್ನೆಲ್ಲ ಗುಂಪು ಕಟ್ಟಿ, ಒಂದು ಕಂಬ ಗಟ್ಟಿ ಹಿಡಿದು ಹತ್ತು ಹನ್ನೊಂದು ಡಿಗ್ರಿ ತಿರುಗಿಸಿದರೆ ಗಡಿ, ಹಳ್ಳ, ಬಾವಿ ಎಲ್ಲ ಫೋಟೋದ ಮೇಲೆ ಹೋಗಿ ಕೂರುತ್ತಿದ್ದವು. ಮೊದಲ ಸಲ ಹಾಗೆ ಕೂತಾಗ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಹೇಳಿದೆ. ಡೋಣಿಗಲ್ ಕಡೆಯ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರೊಬ್ಬರು ನನ್ನ ನಕ್ಷೆ ನೋಡಿ "ಯಾವ ಕಾಲೇಜು?" ಎಂದು ಕೇಳಿದರು. ನಾನು ನಕ್ಕೆ, ಕಾಲೇಜಿಗೆ ಹೋದವನಲ್ಲ ಅನ್ನಲಿಲ್ಲ.

ಏಪ್ರಿಲಿನಲ್ಲಿ ಭಾವ ಫೋನು ಮಾಡಿಸಿದರು. ಹೂಮಳೆ ಆ ವರ್ಷ ತಡವಾಗಿ, ಅರ್ಧ ತೋಟಕ್ಕೆ ಮಾತ್ರ ಬಿದ್ದಿತ್ತು. ಮುಂದಿನ ವರ್ಷ ಹೂವಿನ ಹೊತ್ತಿಗೆ ನೀರು ಹಾಯಿಸಲು ಮೇಲಿನ ತೋಟದಲ್ಲೊಂದು ಹೊಂಡ ತೆಗೆಸಬೇಕು ಅಂದರು. ಹೋದೆ. ಜಗಲಿಯ ಮೇಲೆ ಕುರ್ಚಿಯಲ್ಲಿದ್ದರು. ಮಾತು ಒಂದು ಬದಿಗೆ ಜಾರುತ್ತಿತ್ತು.

"ಬೇರೆ ಯಾರ್ನಾದ್ರೂ ಕರೀಬೋದಿತ್ತು ಮಾದೇವ. ಆದ್ರೆ ಅವ್ಳು ಅಲ್ಲೇ ಅವ್ಳೆ. ಆ ಜಾಗ ನಂಗೀಗ ಕಣ್ಣಿಗೆ ಕಟ್ಟಲ್ಲ, ಎಲ್ಲ ಕಾಡಾಗ್ಬುಟ್ಟೈತೆ ಅಂತಾರೆ. ನೀನು ಅಳ್ದಿಟ್ಕಂಡಿದೀಯ. ಅವ್ಳನ್ನ ಮಾತ್ರ ಮುಟ್ಬಾರ್ದು. ಮಿಕ್ಕಿದ್ದು ಹೆಂಗಾದ್ರೂ ಆಗ್ಲಿ."

"ಕೂದಲು ಕೊಂಕೋದಿಲ್ಲ ಭಾವ" ಅಂದೆ.

ಡ್ರೋನಿನ ಫೋಟೋ ಬಂತು. ತೋಟದ ಹಳೇ ನಕ್ಷೆ ನನ್ನದೇ ಕೈಯದು. ಗಡಿ, ಬಾವಿ, ಹಳ್ಳ, ಸ್ಟೋರು, ಕೂಲಿಯವರ ಮನೆಸಾಲಿನ ಲೈನು ಎಲ್ಲಕ್ಕೂ ಹೆಸರು ಕೊಟ್ಟು ಗುಂಪು ಕಟ್ಟಿದೆ. ಅಕ್ಕನ ಜಾಗ ಆ ನಕ್ಷೆಯಲ್ಲಿರಲಿಲ್ಲ, ಜೇಬಿನ ಪುಸ್ತಕದ ಕೊನೆಯ ಹಾಳೆಯಲ್ಲಿತ್ತು. ಅದನ್ನು ತೆರೆಯಲು ನನಗೆ ಮೂರು ದಿನ ಹಿಡಿಯಿತು. ಎಲ್ಲ ಮುಗಿದ ಮೇಲೆ, ಕೊನೆಗೆ, ಹಾಳೆ ತೆರೆದು ಅಂಕಿ ನೋಡಿಕೊಂಡು, ಒಂದು ಹಳದಿ ವೃತ್ತ ಬರೆದು ಅದಕ್ಕೆ ಗಿರಿಜ ಎಂದು ಹೆಸರಿಟ್ಟೆ. ಆಮೇಲೆ ಗೇಟಿನ ಕಂಬ ಹಿಡಿದು ಗುಂಪನ್ನು ತಿರುಗಿಸಿದೆ. ಬಾವಿಯ ಮೇಲೆ ಬಾವಿ ಕೂತಿತು. ಹಳ್ಳದ ತಿರುವಿನ ಮೇಲೆ ತಿರುವು ಕೂತಿತು. ಹಳದಿ ವೃತ್ತ ಮೇಲಿನ ತೋಟದಲ್ಲಿ, ಒಂದು ಹಲಸಿನ ಮರದ ನೆರಳಿನ ಹತ್ತಿರ ಕಾಣುತ್ತಿತ್ತು. ಅದು ಸರಿಯೋ ತಪ್ಪೋ ಹೇಳಲು ಫೋಟೋದಲ್ಲಿ ಅಲ್ಲೇನೂ ಇರಲಿಲ್ಲ, ಬರೀ ಹಸಿರು. ಮಿಕ್ಕದ್ದೆಲ್ಲ ಕೂತಿದೆಯಲ್ಲ ಎಂದು ನಾನು ತಿರುಗಿ ನೋಡಲಿಲ್ಲ. ನಕ್ಷೆ ಮುಗಿದ ಮೇಲೆ ಅದನ್ನು ಹಿಡಿದು ಒಂದೊಂದು ಗುರುತಿನ ಮೇಲೂ ಕಾಲಿಟ್ಟು ಬರಬೇಕು ಎನ್ನುವುದು ಹಳೇ ಸರ್ವೆಯರು ಕಲಿಸಿದ ಪಾಠ. ಆ ಗುರುತಿನ ಮೇಲೆ ಹೋಗಿ ನಿಲ್ಲುವ ಶಕ್ತಿ ನನಗಿರಲಿಲ್ಲ. ಕಂಪ್ಯೂಟರಿಗೆ ಅದೆಲ್ಲ ಬೇಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆಸಿ, ಮಳೆ ತಾಗದಂತೆ ಲ್ಯಾಮಿನೇಷನ್ ಹಾಕಿಸಿದೆ. ಬಿಸಿಬಿಸಿ ಹಾಳೆಯನ್ನು ಎದೆಗವಚಿಕೊಂಡೇ ಬಸ್ಸು ಹತ್ತಿದೆ.

ಭಾವ ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಎಡಗೈ ಬೆರಳನ್ನು ಹಳದಿ ವೃತ್ತದ ಮೇಲಿಟ್ಟರು.

"ಇಲ್ಲಿ ಅವ್ಳೆ."

"ಹೂಂ ಭಾವ."

ಹೊಂಡಕ್ಕೆ ನಾನು ನೀಲಿ ಚೌಕ ಹಾಕಿದ್ದು ವೃತ್ತದಿಂದ ಸ್ವಲ್ಪವೇ ಆಚೆ. ಭಾವ ತಲೆಯಾಡಿಸಿದರು. "ಇಷ್ಟು ಹತ್ರ ಬ್ಯಾಡ. ಮಿಷನ್ ಸದ್ದು ಅವ್ಳಿಗಾಗಲ್ಲ. ಸ್ಟೋರಲ್ಲಿ ಹಣ್ಣು ಸುಲಿಯೋ ಪಲ್ಪರ್ ಓಡಿದ್ರೇ ಕಿವಿಗೆ ಸೆರಗು ಸುತ್ಕೊಳೋಳು. ದೂರ ಹಾಕು. ಇಲ್ಲಿ, ಕೆಳಗೆ."

ಬೆರಳನ್ನು ಮೆಲ್ಲಗೆ ಕೆಳಕ್ಕೆ ಎಳೆದು ಒಂದು ಕಡೆ ನಿಲ್ಲಿಸಿದರು. ನಾನು ಅಲ್ಲಿ ಪೆನ್ನಿನಿಂದ ಗುರುತು ಹಾಕಿದೆ.

ಮೇ ಮೂರನೇ ವಾರ ಜೆಸಿಬಿ ಬಂತು. ಮುಂಗಾರು ಬೇಗ ಹಿಡಿಯುವ ಹಾಗೆ ಕಾಣುತ್ತಿತ್ತು, ಸಂಜೆಯೆಲ್ಲ ಘಾಟಿನ ಕಡೆಯಿಂದ ಮಂಜು ಹತ್ತುತ್ತಿತ್ತು. ಬೆಳಿಗ್ಗೆ ನಾನು ಹಾಳೆ ಹಿಡಿದು, ಗೇಟಿನಿಂದ ಅಳತೆ ಮಾಡಿ, ನಾಲ್ಕು ಮೂಲೆಗೆ ಗೂಟ ಹೊಡೆಯುತ್ತಿದ್ದೆ. ಕೆಂಚಮ್ಮ ಕೋಲೂರಿಕೊಂಡು ಹತ್ತಿ ಬಂದಳು. ಲೈನಿನಲ್ಲಿರುವ ಹಳೇ ಆಳು, ಅಕ್ಕ ಮದುವೆಯಾಗಿ ಬಂದ ದಿನದಿಂದ ಅವಳ ಜೊತೆ ದುಡಿದವಳು. ಮಂಡಿ ಹೋಗಿ ಒಂದು ವರ್ಷದಿಂದ ಮೇಲಿನ ತೋಟಕ್ಕೆ ಬಂದಿರಲಿಲ್ಲ. ಏದುಸಿರು ಬಿಡುತ್ತ ನನ್ನ ಗೂಟಗಳ ನಡುವೆ ಬಂದು ನಿಂತಳು.

"ಅಣ್ಣಾರೇ, ಇಲ್ಲಿ ಅಗೀಬ್ಯಾಡಿ. ಅಮ್ಮಾರು ಇಲ್ಲೇ ಅವ್ರೆ."

"ಇಲ್ಲೆಲ್ಲಿ? ಅಕ್ಕ ಮೇಲವ್ಳೆ, ಹಲಸಿನ ಮರದ ಹತ್ರ."

"ಮೇಲಲ್ಲ ಕಣ್ರೀ. ಈ ಜರಿಗಿಡ ಎದ್ದೈತಲ್ಲ, ಇದ್ರ ಮಗ್ಗುಲಲ್ಲಿ. ಮೊದಲ್ನೇ ವರ್ಷ ನಾನೇ ಗುಡಿಸ್ತಿದ್ದೆ."

ನಾನು ಹಾಳೆಯನ್ನು ಅವಳ ಮುಖಕ್ಕೆ ಹಿಡಿದೆ. "ಇದು ಮೇಲಿಂದ ತೆಗ್ದಿರೋ ಫೋಟೋ. ಬಾವಿ ನೋಡು, ಗೇಟು ನೋಡು. ಕೂದಲೆಳೆ ಆಚೀಚೆ ಐತಾ? ನಿಂಗೆ ಇದೆಲ್ಲ ಹೆಂಗ್ ಗೊತ್ತಾಗ್ಬೇಕು. ಸುಮ್ನೆ ಕೆಳಗೆ ಹೋಗು."

ಜೆಸಿಬಿಯವನು ನಕ್ಕ. "ಅಜ್ಜೀ, ಅಣ್ಣ ಕಂಪ್ಯೂಟರ್ನಲ್ಲಿ ಬರ್ಕೊಂಡ್ ಬಂದವ್ರೆ ಕಣಜ್ಜಿ. ನೀನು ಕೋಲಲ್ಲಿ ತೋರಿಸ್ತೀಯ."

ಕೆಂಚಮ್ಮ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಆಯ್ತು ಬುಡಿ" ಅಂದು ಪಕ್ಕಕ್ಕೆ ಸರಿದಳು. ಕೆಳಗಿಳಿದು ಹೋಗಲಿಲ್ಲ, ದೂರದಲ್ಲೊಂದು ಕಾಫಿಗಿಡದ ಬುಡದಲ್ಲಿ ಬೆನ್ನು ಮಾಡಿ ಕೂತಳು.

ಬಕೆಟ್ಟು ಮೊದಲು ಜರಿಗಿಡ, ಲಂಟಾನದ ಬೇರು, ಎಲೆಮಣ್ಣು ಎಲ್ಲವನ್ನೂ ಒಂದೇ ಸಲಕ್ಕೆ ಎತ್ತಿ ಬದಿಗೆ ಸುರಿಯಿತು. ಗುರುತಿನ ಚಪ್ಪಡಿ ಆ ಬೇರಿನ ರಾಶಿಯೊಳಗೇ ಹೋಗಿತ್ತು ಎಂದು ಗೊತ್ತಾದದ್ದು ಆಮೇಲೆ. ಮಧ್ಯಾಹ್ನದ ಹೊತ್ತಿಗೆ ಆಳುದ್ದ ಇಳಿದಿತ್ತು. ಜೆಸಿಬಿಯವನು ಕೂಗಿದ.

"ಅಣ್ಣಾ, ಸುಣ್ಣದ ಗಡ್ಡೆ ಬಂತು. ಇಲ್ಲೇನು ಹಳೇ ಮನೆ ಇತ್ತಾ?"

ಕೆಂಪು ಮಣ್ಣಿನ ಮೇಲೆ ಬೆಳ್ಳಗೆ ಬಿದ್ದಿತ್ತು. ಕೈಗೆತ್ತಿಕೊಂಡೆ. ಒಂದು ಮೂಲೆ ಮುರಿದಿತ್ತು, ಮಿಕ್ಕಿದ್ದು ಹಾಗೇ ಇತ್ತು. ಆ ವಿಭೂತಿ ಗಟ್ಟಿಯನ್ನು ಅಕ್ಕನ ತಲೆಯ ಮೇಲ್ಗಡೆ ಇಟ್ಟವನು ನಾನು. ಎರಡು ಕೈ ಎತ್ತಿ ಬಕೆಟ್ಟಿಗೆ ಅಡ್ಡ ನಿಂತೆ. ಬಕೆಟ್ಟು ಇನ್ನೊಂದು ಮೊಳ ಇಳಿದು ಅಕ್ಕನನ್ನು ಮುಟ್ಟಿದ್ದರೆ ನಾನು ಈ ಬರಹ ಬರೆಯಲು ಉಳಿಯುತ್ತಿರಲಿಲ್ಲ.

ಇಂಜಿನ್ನಿನ ಸದ್ದು ನಿಂತದ್ದು ಕೆಳಗೆ ಮನೆಗೆ ಕೇಳಿಸಿತ್ತು. ನಾನು ಜಗಲಿ ಹತ್ತುವ ಮೊದಲೇ ಭಾವ ಕೇಳಿದರು. "ಯಾಕೋ ನಿಂತೋಯ್ತು? ಡೀಸೆಲ್ ಆಗೋಯ್ತಾ?"

ನಾನು ಮುಷ್ಟಿ ಬಿಚ್ಚಿದೆ.

ಅವರು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಎಡಗೈ ಚಾಚಿ ಗಟ್ಟಿಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ನನ್ನ ಅಲ್ಲಿಗೆ ಎತ್ಕೊಂಡ್ ಹೋಗು" ಅಂದರು.

ನಾನೂ ಜೆಸಿಬಿಯವನೂ ಕುರ್ಚಿ ಸಮೇತ ಎತ್ತಿಕೊಂಡು ಹತ್ತಿದೆವು. ಮಿಷನ್ನನ್ನು ಹಿಂದಕ್ಕೆ ಸರಿಸಿ, ಗುದ್ದಲಿ, ಪುಟ್ಟಿ ಹಿಡಿದು ಮಣ್ಣನ್ನು ಕೈಯಿಂದಲೇ ವಾಪಸು ತುಂಬಿದೆವು. ಯಾರೂ ಹೇಳದೆ ಕೆಂಚಮ್ಮ ಬಿಲ್ವಪತ್ರೆ ತಂದಿದ್ದಳು. ಆ ಮಂಡಿಯಲ್ಲಿ ಯಾವಾಗ ಇಳಿದಳು, ಯಾವಾಗ ಹತ್ತಿದಳು, ನಾನು ನೋಡಲಿಲ್ಲ. ಭಾವ ಕುರ್ಚಿಯಿಂದ ಬಾಗಿ ಎಡಗೈಯಲ್ಲಿ ಮೂರು ಹಿಡಿ ಮಣ್ಣು ಹಾಕಿದರು. ಎರಡನೇ ಸಲ ಮಣ್ಣು ಕೊಟ್ಟ ಹಾಗಾಯಿತು. ಈ ಸಲ ನನಗೆ ಅಳು ಬಂತು. ಯಾರೂ ನನ್ನ ಹೆಗಲ ಮೇಲೆ ಕೈಯಿಡಲಿಲ್ಲ.

ಹೊರಡುವಾಗ ಭಾವ ಅಂದರು, "ನಿನ್ನ ತಪ್ಪಲ್ಲ ಅಂತ ನಾನು ಹೇಳ್ಬೇಕು ಮಾದೇವ. ಅವ್ಳಿದ್ದಿದ್ರೆ ಹಂಗೇ ಹೇಳಿ ಅನ್ನೋಳು. ನಂಗೆ ಬಾಯಿ ಬರ್ತಿಲ್ಲ. ಹೊರಡು, ಬಸ್ಸು ತಪ್ಪುತ್ತೆ."

ಮಾರನೇ ದಿನ ಶಬಾನಾಳ ಅಂಗಡಿಗೆ ಹೋಗಿ, ನನ್ನ ಪುಸ್ತಕದ ಅಂಕಿಯೇ ತಪ್ಪಿರಬೇಕು, ಮಳೆಯಲ್ಲಿ ಬರೆದದ್ದು ಅಂದೆ. ಅವಳು ನಾನು ಬರೆದ ಆಜ್ಞೆಗಳನ್ನು ಒಂದೊಂದಾಗಿ ಬೆರಳಿಟ್ಟು ಓದುತ್ತ ಹೋದಳು. ಕೆಳಗೆ ಬಂದು ಬೆರಳು ನಿಂತಿತು.

"ಅಂಕಿ ಸರಿಯಾಗೇ ಐತೆ ಅಣ್ಣ" ಎಂದಳು, ನನ್ನ ಮುಖ ನೋಡದೆ. "ಈ ವೃತ್ತಾನ ಬರ್ದಿದೀರ, ಗುಂಪಿಗೆ ಸೇರಿಸಿಲ್ಲ. ಗುಂಪು ಕಟ್ಟಿದ್ ಮೇಲೆ ಬರ್ದಿದೀರ. ಎಲ್ಲ ತಿರುಗಿದಾಗ ಇದೊಂದು ತಿರುಗ್ಲಿಲ್ಲ."

ಗೇಟಿನಿಂದ ದೂರವಿದ್ದಷ್ಟೂ ತಿರುವು ದೊಡ್ಡದು. ಅಕ್ಕ ಇದ್ದದ್ದು ತೋಟದ ಆ ತುದಿಯಲ್ಲಿ, ಅಲ್ಲಿ ವೃತ್ತ ಅವಳಿಂದ ಹತ್ತಿರ ಹತ್ತಿರ ಅರವತ್ತು ಅಡಿ ಮೇಲೆ ಉಳಿದಿತ್ತು. ಅವಳಿಂದ ದೂರ ಇರಲಿ ಎಂದು ಭಾವ ಬೆರಳನ್ನು ಕೆಳಕ್ಕೆಳೆದರಲ್ಲ, ಎಳೆದು ನಿಲ್ಲಿಸಿದ್ದು ಸರಿಯಾಗಿ ಅವಳ ಮೇಲೆ.

"ನೀವೇ ಸೇರಿಸ್ತೀರಾ?" ಎಂದು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. ಗುಂಪಿನ ಸಾಲಿನಲ್ಲಿ ಲೈನು ಎಂಬುದರ ಪಕ್ಕ ಒಂದು ಅಲ್ಪವಿರಾಮ ಹಾಕಿ ಗಿರಿಜ ಎಂದು ಬರೆದೆ. ಒತ್ತಿದೆ. ಹಳದಿ ವೃತ್ತ ಒಂದು ಚಣದಲ್ಲಿ, ಸದ್ದಿಲ್ಲದೆ, ಹಲಸಿನ ಮರ ಬಿಟ್ಟು ಕೆಳಗೆ ಬಂದು ಕೂತಿತು. ಅಷ್ಟೇ ಕೆಲಸ. ಒಂದು ಹೆಸರು. ಅವಳ ಮದುವೆಯಲ್ಲಿ, ಅವಳ ಮಣ್ಣಿನಲ್ಲಿ ಎಲ್ಲರ ಜೊತೆ ನಿಂತವನು, ಆ ಒಂದು ಸಾಲಿನಲ್ಲಿ ಅವಳನ್ನು ಮಾತ್ರ ಬಿಟ್ಟಿದ್ದೆ. ಶಬಾನಾ ಎದ್ದು ಹೋಗಿ ಅಂಗಡಿಯ ಬಾಗಿಲಿಗೆ ಅಡ್ಡ ನಿಂತಳು, ಬಂದ ಗಿರಾಕಿಗಳು ನನ್ನನ್ನು ನೋಡದ ಹಾಗೆ.

ಮುಂಗಾರು ಹಿಡಿಯಿತು. ಹದಿನೈದು ದಿನ ತಡೆದು, ಮಳೆಯಲ್ಲೇ ಹೆಗ್ಗದ್ದೆಗೆ ಹೋದೆ. ಭಾವ ಮಲಗಿದ್ದಾರೆ ಎಂದು ಒಳಗಿನವರು ಹೇಳಿದರು. ಬಾಗಿಲ ಸಂದಿಯಲ್ಲಿ ಅವರ ಕುರ್ಚಿಯ ಕಾಲು, ಅದರ ಪಕ್ಕ ಅವರ ಕಾಲು ಕಾಣುತ್ತಿತ್ತು. ಎಬ್ಬಿಸಬೇಡಿ ಎಂದು ಹೇಳಿ ತಿರುಗಿದೆ. ಹೊಂಡದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನನ್ನನ್ನೂ ಮತ್ತೆ ಕರೆಯಲಿಲ್ಲ.

ಕೆಂಚಮ್ಮ ಲೈನಿನ ಮುಂದೆ, ಗೋಣಿಚೀಲದ ಗೊಪ್ಪೆ ಹಾಕಿಕೊಂಡು, ಸೌದೆಯನ್ನು ಸೂರಿನಡಿ ಸರಿಸುತ್ತಿದ್ದಳು. ಅವಳನ್ನು ನೋಡಲೆಂದೇ ನಾನು ಬಂದದ್ದು. ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

"ಕೆಂಚಮ್ಮ, ನೀನು ತೋರಿಸಿದ್ದೇ ಸರಿ ಇತ್ತು."

"ನಂಗೊತ್ತಿತ್ತು ಕಣ್ರೀ ಅಣ್ಣಾರೇ" ಅಂದಳು. ಅವಳ ಸ್ವರದಲ್ಲಿ ನನ್ನ ಮೇಲೆ ಕೋಪವೇ ಇರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಮಳೆಯೋ ಕಣ್ಣೀರೋ ತಿಳಿಯಲಿಲ್ಲ. "ಗೊತ್ತಿದ್ದೂ ಸುಮ್ನಾಗ್ಬುಟ್ಟೆ. ಅಮ್ಮಾರು ನನ್ನ ಕೈ ಹಿಡ್ದು ಅನ್ನ ಹಾಕ್ದೋರು. ಇನ್ನೊಂದ್ ಸಲ ಜೋರಾಗಿ ಕೂಗ್ಬೇಕಿತ್ತು, ಗೂಟಕ್ಕೆ ಅಡ್ಡ ಮಲೀಕ್ಕಬೇಕಿತ್ತು. ಓದ್ದೋರು ಹೇಳ್ತಾವ್ರೆ, ನಂದೇ ತಪ್ಪಿರ್ಬೇಕು ಅಂದ್ಕಂಡೆ. ಪಾಪ ನಂದೇ ಕಣಣ್ಣ."

ಓದಿದವರು. ನನ್ನ ಜೀವಮಾನದಲ್ಲಿ ನನ್ನನ್ನು ಹಾಗೆ ಕರೆದವಳು ಅವಳೊಬ್ಬಳೇ. ನಾನು ಏಳನೇ ಕ್ಲಾಸಿಗೇ ಬಿಟ್ಟವನು ಕೆಂಚಮ್ಮ, ನನಗೂ ನಿನಗೂ ವ್ಯತ್ಯಾಸವಿಲ್ಲ, ಪಾಪ ನಿನ್ನದಲ್ಲ ಎಂದು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಾಯುವವಳ ಹಾಗೆ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಬಾಗಿ ಸೌದೆ ಎತ್ತಿಕೊಂಡಳು.

ನಾನು ಹೇಳಲಿಲ್ಲ.